ಬಲ್ಬು ಎಲ್ಲಿರಬೇಕು?

ನಮ್ಮ ಅಮ್ಮಿ ಮಗ್ರಿಬ್ ನಮಾಜ್ ಮುಗಿಸಿ ಹೊಲಿಗೆ ಮೆಷಿನ್ ಮುಂದೆ ಕೂರುತ್ತಾರೆ. ಕಪ್ಪು ಬ್ಲೌಸ್ ಬಂದರೆ ಕಷ್ಟ. ರಾತ್ರಿ ಹಾಕಿದ ಹೊಲಿಗೆ ವಕ್ರವಾಗಿ, ಬೆಳಿಗ್ಗೆ ಬಿಚ್ಚಿ ಮತ್ತೆ ಹೊಲಿಯಬೇಕು. ಬಿಚ್ಚಿದ್ದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಕಣ್ಣು ಮಂಜಾಗಿರಬೇಕು ಎಂದುಕೊಂಡೆವು. ಆದರೆ ಪರೀಕ್ಷೆ ಮಾಡಿಸಿದರೆ ಕನ್ನಡಕದ ನಂಬರ್ ಹಳೆಯದೇ!

ಆಮೇಲೆ ಗಮನಿಸಿದೆ. ಟ್ಯೂಬ್‌ಲೈಟ್ ಅವರ ಬೆನ್ನ ಹಿಂದಿನ ಗೋಡೆಯಲ್ಲಿದೆ, ಅವರ ನೆರಳು ಸೂಜಿಯ ಮೇಲೇ ಬೀಳುತ್ತಿದೆ.

ಅಬ್ಬಾ ಹೆಚ್ಚು ವ್ಯಾಟಿನ ಬಲ್ಬು ತರಲು ಹೊರಟರು. ಆದರೆ ವ್ಯಾಟ್ ಎಂಬುದು ಬಲ್ಬು ಎಳೆಯುವ ವಿದ್ಯುತ್ತಿನ ಲೆಕ್ಕ. ಬೆಳಕಿನ ಲೆಕ್ಕ ಲ್ಯೂಮೆನ್. ಅದನ್ನು ಡಬ್ಬಿಯ ಮೇಲೆ ಓದಬೇಕು. 60 ವ್ಯಾಟಿನ ಹಳೆಯ ಬಲ್ಬಿನಷ್ಟು ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ದೂರವೂ ಮುಖ್ಯ. ಬಲ್ಬಿನಿಂದ ಬಟ್ಟೆಗಿರುವ ದೂರ ಅರ್ಧವಾದರೆ ಬೀಳುವ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಅಂಥದೊಂದು ಬಲ್ಬನ್ನು ಮೆಷಿನ್‌ನ ಎಡಕ್ಕೆ, ಸ್ವಲ್ಪ ಮುಂದೆ, ಕಣ್ಣಿಗೆ ಕುಕ್ಕದಂತೆ ಮುಚ್ಚಳವಿಟ್ಟು ತೂಗುಹಾಕಿದೆವು.

ಕಾಮರ್ಸ್ ವಿದ್ಯಾರ್ಥಿಯಾಗಿ ಖರ್ಚು ಬರೆಯದಿದ್ದರೆ ಹೇಗೆ? 9 ವ್ಯಾಟ್, ದಿನಕ್ಕೆ 4 ಗಂಟೆ, 30 ದಿನ: 1,080 ವ್ಯಾಟ್-ಗಂಟೆ. ಅಂದರೆ ತಿಂಗಳಿಗೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು.

ಅಡುಗೆಮನೆಯಲ್ಲೂ ಇದೇ ತಪ್ಪಿತ್ತು. ಬಲ್ಬನ್ನು ತರಕಾರಿ ಹೆಚ್ಚುವ ಕಟ್ಟೆಯ ಮೇಲಕ್ಕೆ ಸರಿಸಿದೆವು. ಮಲಗುವ ಕೋಣೆಗೆ 2700 ಕೆಲ್ವಿನ್‌ನ ಹಳದಿ ಬೆಳಕು ಹಿತ. ಹಾಲ್ ಮೊದಲಿನಂತೆಯೇ ಇದೆ, ಅಲ್ಲಿ ಯಾರೂ ಸೂಜಿ ಹಿಡಿಯುವುದಿಲ್ಲ.

ಹೋದ ಜುಮ್ಮಾದ ಹಿಂದಿನ ರಾತ್ರಿ ಅಮ್ಮಿ ಒಂದು ಕಪ್ಪು ಬ್ಲೌಸ್ ಮುಗಿಸಿದರು. ಬೆಳಿಗ್ಗೆ ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ.