ಮಾದಕವಸ್ತು ಬಂಧನ: ಲಿಂಗವಾರು ಅಂಕಿ-ಅಂಶ ಓದುವ ಬಗೆ

ಕಾನೂನು: ಮಾದಕ ದ್ರವ್ಯ ಮತ್ತು ಮನೋದ್ದೀಪಕ ವಸ್ತುಗಳ ಕಾಯ್ದೆ, 1985 (ಎನ್‌ಡಿಪಿಎಸ್). ಕಲಂ 50ರ ಪ್ರಕಾರ ಮಹಿಳೆಯ ಶೋಧವನ್ನು ಮಹಿಳೆಯೇ ನಡೆಸಬೇಕು.

ಲೆಕ್ಕ ಇಡುವವರು: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ). ಸ್ಥಾಪನೆ 1986, ಕೇಂದ್ರ ಗೃಹ ಸಚಿವಾಲಯದ ಅಧೀನ. ವಾರ್ಷಿಕ ವರದಿ: ‘ಕ್ರೈಮ್ ಇನ್ ಇಂಡಿಯಾ’.

ಎಣಿಕೆಯ ನಿಯಮಗಳು
- ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ, ಅತಿ ಘೋರವಾದುದು ಮಾತ್ರ ಲೆಕ್ಕಕ್ಕೆ. ಕೊಲೆಯ ಜೊತೆ ಗಾಂಜಾ ಸಿಕ್ಕರೂ ಪ್ರಕರಣ ಕೊಲೆಯ ಪಟ್ಟಿಗೇ ಸೇರುತ್ತದೆ.
- ಪ್ರಕರಣಗಳ ಸಂಖ್ಯೆ, ಬಂಧಿತರ ಸಂಖ್ಯೆ ಬೇರೆ ಬೇರೆ. ಒಂದು ಪ್ರಕರಣದಲ್ಲಿ ಐವರು ಸಿಕ್ಕಿಬೀಳಬಹುದು.
- ಬಂಧನವೆಂದರೆ ಶಿಕ್ಷೆಯಲ್ಲ. ದೋಷಾರೋಪ ಪಟ್ಟಿ, ಶಿಕ್ಷೆಗಳಿಗೆ ಪ್ರತ್ಯೇಕ ಲೆಕ್ಕವಿದೆ.
- ಹೋಲಿಕೆಗೆ: ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಎಣಿಸುವುದು ಬಂಧನಗಳನ್ನು, ವ್ಯಕ್ತಿಗಳನ್ನಲ್ಲ. ವರ್ಷದಲ್ಲಿ ಮೂರು ಬಾರಿ ಬಂಧಿತಳಾದ ಮಹಿಳೆ ಮೂರು ಬಂಧನಗಳಾಗಿ ದಾಖಲಾಗುತ್ತಾಳೆ.

ಲೆಕ್ಕದ ಎಚ್ಚರ (ಕಾಲ್ಪನಿಕ ಉದಾಹರಣೆ): 100 ಬಂಧಿತರಲ್ಲಿ ಮಹಿಳೆಯರು 5. ಮರುವರ್ಷ 110ರಲ್ಲಿ 10. ಮಹಿಳೆಯರ ಬಂಧನ ಶೇ 100ರಷ್ಟು ಏರಿದೆ; ಆದರೆ ಅವರ ಪಾಲು ಶೇ 5ರಿಂದ ಸುಮಾರು ಶೇ 9.1ಕ್ಕೆ ಮಾತ್ರ ಏರಿದೆ. ಎರಡೂ ಸರಿ, ಪರೀಕ್ಷೆಯ ಪ್ರಶ್ನೆ ಕೇಳಿರುವುದು ಯಾವುದನ್ನು ಎಂದು ನೋಡಿ.

ನೆನಪಿಡಿ: ಬಂಧನದ ಅಂಕಿ ಪೊಲೀಸರ ಕಾರ್ಯಾಚರಣೆಯನ್ನು ತೋರಿಸುತ್ತದೆ, ವ್ಯಸನದ ವ್ಯಾಪ್ತಿಯನ್ನಲ್ಲ. ದಾಳಿ ಹೆಚ್ಚಿದರೆ ಅಂಕಿಯೂ ಹೆಚ್ಚುತ್ತದೆ. ನಾಳೆ ಅಧಿಕಾರಿಯಾಗುವ ನೀವು ಈ ವ್ಯತ್ಯಾಸ ಅರಿತರೆ, ಚಿಕಿತ್ಸೆ ಬೇಕಾದವರು ಕೇವಲ ಅಂಕಿಯಾಗಿ ಉಳಿಯುವುದಿಲ್ಲ.