ತಂತ್ರಾಂಶಕ್ಕಿಂತ ಮೊದಲು ಪೆನ್ಸಿಲು

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷ ಓದಿ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ವರ್ಗವಾಗಲು ಅವಕಾಶವಿರುವ ಸಾರ್ವಜನಿಕ ಕಾಲೇಜಿನಲ್ಲಿ, ವಿನ್ಯಾಸ ಕಲಿಯಬಯಸಿ ಸಲಹೆ ಕೇಳಿ ಪತ್ರ ಬರೆದಿರುವ ವಿದ್ಯಾರ್ಥಿನಿಯು ಮೊದಲ ಸೆಮಿಸ್ಟರಿನಲ್ಲೇ ಅನಿಮೇಷನ್ ತಂತ್ರಾಂಶದ ಪಾಠಗಳನ್ನು ಆರಿಸುವುದು ಆತುರವೆನಿಸುತ್ತದೆ. ರೇಖಾಚಿತ್ರ ಮತ್ತು ದ್ವಿಆಯಾಮ ವಿನ್ಯಾಸ, ಎಂದರೆ ಸಮತಲದ ಮೇಲೆ ಆಕಾರ, ಬಣ್ಣ ಹಾಗೂ ಖಾಲಿ ಜಾಗವನ್ನು ಹೊಂದಿಸುವ ವಿದ್ಯೆ, ಇವೆರಡೂ ಮುಂದಿನ ಬಹುತೇಕ ಪಾಠಗಳಿಗೆ ತಳಪಾಯವಾಗಿದ್ದು, ಬಿಳಿಯಿಂದ ಕಪ್ಪಿನವರೆಗಿನ ಬೂದುಛಾಯೆಗಳನ್ನು ಹಂತಹಂತವಾಗಿ ಬೆರೆಸಿ ಪಟ್ಟಿಯಾಗಿ ತುಂಬುವ ಅಭ್ಯಾಸವೇ, ಅದೆಷ್ಟು ಬೇಸರ ತರಿಸಿದರೂ, ಬೆಳಕಿನ ಸೂಕ್ಷ್ಮ ಅಂತರಗಳಿಗೆ ಕಣ್ಣನ್ನು ಪಳಗಿಸುತ್ತದೆ. ತರಗತಿಯಲ್ಲೇ ಕೈಕೆಲಸ ನಡೆಯುವ ಸ್ಟುಡಿಯೋ ಪಾಠಗಳು, ಪಾಠದ ಭಾರ ಅಳೆಯುವ ಲೆಕ್ಕದಲ್ಲಿ, ಮೂರು ಯೂನಿಟ್‌ಗಳವಾದರೂ ಸಾಮಾನ್ಯವಾಗಿ ವಾರಕ್ಕೆ ಐದಾರು ಗಂಟೆ ಬೇಡುವುದರಿಂದ, ಒಮ್ಮೆಗೆ ಅಂಥವು ಎರಡೇ ಸಾಕು. ಮೂರನೆಯದಾಗಿ ಕಲಾ ಇತಿಹಾಸ ಹೊಂದುತ್ತದೆ. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಪದ್ಧತಿಯಲ್ಲಿ ಯೂನಿಟ್‌ಗೆ 46 ಡಾಲರ್ ಶುಲ್ಕವಿದ್ದು, ನಿವಾಸಿಯೆನಿಸದವರಿಗೆ ಅದು ಹಲವು ಪಟ್ಟಾಗುವುದರಿಂದ ವೀಸಾ ಮೇಲಿರುವ ಕುಟುಂಬಗಳು ತಾವು ನಿವಾಸಿಗಳೆನಿಸುತ್ತೇವೆಯೇ ಎಂದು ಮೊದಲೇ ವಿಚಾರಿಸಬೇಕು. ಬಣ್ಣ, ಕಾಗದಗಳ ಖರ್ಚು ಬೇರೆ. ರಾಜ್ಯದ ಯಾವ ಸಾರ್ವಜನಿಕ ವಿಶ್ವವಿದ್ಯಾಲಯ ಯಾವ ಪಾಠಕ್ಕೆ ಮನ್ನಣೆ ನೀಡುತ್ತದೆಂಬುದು ‘ಅಸಿಸ್ಟ್’ ಎಂಬ ಅಧಿಕೃತ ಜಾಲತಾಣದಲ್ಲಿ ದೊರೆಯುತ್ತದೆ. ಖಾಸಗಿ ಕಲಾಶಾಲೆಗಳು ಯೂನಿಟ್‌ಗಳ ಜೊತೆಗೆ ಪೋರ್ಟ್‌ಫೋಲಿಯೊವನ್ನೂ, ಅಂದರೆ ಆಯ್ದ ಕೃತಿಗಳ ಸಂಪುಟವನ್ನೂ, ನೋಡುವುದರಿಂದ ಅವುಗಳ ಪ್ರವೇಶ ಕಚೇರಿಯನ್ನೇ ಕೇಳುವುದು ಲೇಸು.