ಗುರುತು ಓದಿ, ಆಮೇಲೆ ಸುತ್ತಿಗೆ ಹಿಡಿ

ನಮ್ಮ ಮಾವ ಟಿಂಕರಿಂಗ್ ಕೆಲಸ ಮಾಡುತ್ತಾರೆ. ಒಮ್ಮೆ ಕಾರಿನ ಬಾಗಿಲ ಕಂಬವನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿದರು. ಆಮೇಲೆ ರಿಪೇರಿ ಪುಸ್ತಕ ತೆಗೆದರೆ, ಚಿತ್ರದಲ್ಲಿ ಆ ಭಾಗಕ್ಕೆ ಮಾತ್ರ ಬೇರೆ ಬಣ್ಣ! ಹಾಗಂದ್ರೆ ಹೆಚ್ಚು ಗಟ್ಟಿ ಉಕ್ಕು. ಅದನ್ನು ಕಾಯಿಸಿದರೆ ಬಲ ಹೋಗುತ್ತದೆ, ಅಪಘಾತವಾದರೆ ಒಳಗಿದ್ದವರಿಗೆ ಅಪಾಯ. ಮಾವ ಕಂಬವನ್ನೇ ಬದಲಿಸಿದರು. ಕೂಲಿ ಹೋಯ್ತು, ಜೀವ ಉಳೀತು.

ಅದರಲ್ಲಿ ನಾನು ಕಲಿತದ್ದು:

1. ಚುಕ್ಕಿ – ಸ್ಪಾಟ್ ವೆಲ್ಡಿಂಗ್ ಜಾಗ. ಪಕ್ಕದ ಅಂಕಿ – ಎಷ್ಟು ವೆಲ್ಡ್.

2. ನ್ಯೂಟನ್ ಮೀಟರ್ – ಬೋಲ್ಟ್ ಎಷ್ಟು ಬಿಗಿಸಬೇಕೆಂಬ ಅಳತೆ. 1 ಮೀಟರ್ ಉದ್ದದ ಪಾನಾ ತುದಿಗೆ 1 ಕಿಲೋ ತೂಗುಹಾಕಿದರೆ ಸುಮಾರು 9.8.

3. ಗುರುತುಗಳು ಕಂಪನಿಗೊಂದು ತರಹ. ಮೊದಲ ಪುಟಗಳಲ್ಲಿ ಅರ್ಥ ಕೊಟ್ಟಿರುತ್ತಾರೆ.

ಗೆಳೆಯರೇ, ನಮ್ಮ ಭೂಪಟದ ಮೂಲೆಯಲ್ಲೂ ಗುರುತಿನ ಪಟ್ಟಿ ಇದೆಯಲ್ವಾ? ಮೊದಲು ಅದನ್ನು ನೋಡಿ.